ಸೋತ ಟೀಮಿನಲ್ಲಿ ಜಗಳ ಹಚ್ಚುವವರು ಯಾರು?

ಮೊನ್ನೆ ಬೈರಿದೇವರಕೊಪ್ಪದಲ್ಲಿ ಚಿಗರಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಒಂದೇ ಬಣ್ಣದ ಜರ್ಸಿ ಹಾಕಿದ ಮೂವರು ಹುಡುಗರು. ಹಿಂದಿನ ರಾತ್ರಿ ಕಬಡ್ಡಿ ಟೂರ್ನಮೆಂಟಿನಲ್ಲಿ ಸೋತು ಬಂದವರು. ಇಬ್ಬರು ಒಂದು ಕಡೆ, ಒಬ್ಬ ದೂರ. ಯಾಕಪ್ಪಾ ಅಂತ ಕೇಳಿದೆ. "ಇವನ ಸಂಬಂಧ ಸೋತ್ವಿ ಅಂತ ಜರ್ಸಿ ಕೊಡಿಸಿದ ಸಾಹುಕಾರ್ರು ಮೈಕಿನ್ಯಾಗ ಅಂದಾರ್ರೀ" ಅಂದ ಒಬ್ಬ. ದೂರ ನಿಂತವನು ನೆಲ ನೋಡುತ್ತ, "ನಾ ಇನ್ನ ಆಡಂಗಿಲ್ರೀ" ಅಂದ.

ಟೀಮು ಸೋತರೆ ನಾವೆಲ್ಲ ಹೇಳುವುದು ಒಂದೇ ಮಾತು: "ಹುಡುಗರಲ್ಲಿ ಹೊಂದಾಣಿಕೆ ಇಲ್ಲ." ಆ ಹೊಂದಾಣಿಕೆ ಕೆಡಿಸಿದವರು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಬಹಳ ಸಲ ಕೆಡಿಸುವವರು ಅಂಕಣದ ಹೊರಗೆ ಕುರ್ಚಿ ಹಾಕಿಕೊಂಡು ಕುಂತಿರುತ್ತಾರೆ.

ಇದು ಹಳ್ಳಿ ಟೀಮಿನ ಕತೆ ಅಷ್ಟೇ ಅಲ್ಲ. ನಮ್ಮದೇ ಆರ್‌ಸಿಬಿಯನ್ನು ನೋಡಿ. ವಿಜಯ್ ಮಲ್ಯ 11.16 ಕೋಟಿ ಡಾಲರ್ ಕೊಟ್ಟು ಕೊಂಡ ತಂಡ, ನಾಯಕ ರಾಹುಲ್ ದ್ರಾವಿಡ್. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತಾದ ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮವರು 82ಕ್ಕೆ ಆಲೌಟ್. ಎರಡಂಕಿ ಮುಟ್ಟಿದ್ದು ಬೌಲರ್ ಪ್ರವೀಣ್ ಕುಮಾರ್ ಒಬ್ಬರೇ.

ಸೋಲು ಮುಂದುವರಿದವು. ಸೀಸನ್ ಮುಗಿಯುವ ಮೊದಲೇ ಸಿಇಒ ಚಾರು ಶರ್ಮಾ ಹೊರಗೆ. ಬಳಿಕ ಮಲ್ಯ ಪತ್ರಿಕೆಯ ಮುಂದೆ, ಆಟಗಾರರ ಆಯ್ಕೆಯನ್ನು ದ್ರಾವಿಡ್ ಮತ್ತು ಶರ್ಮಾ ಅವರಿಗೆ ಬಿಟ್ಟಿದ್ದೇ ತಪ್ಪಾಯಿತು ಅಂದರು. ಪಂದ್ಯಗಳು ಇನ್ನೂ ಬಾಕಿ ಇದ್ದವು! ಮಾಲೀಕನೇ ಹಂಗಿಸಿದ ನಾಯಕನ ಮಾತನ್ನು ಮರುದಿನ ತಂಡ ಯಾವ ಮುಖದಿಂದ ಕೇಳಬೇಕು? ಕೊನೆಗೆ 14 ಪಂದ್ಯಗಳಲ್ಲಿ 4 ಗೆಲುವು, 8 ತಂಡಗಳಲ್ಲಿ 7ನೇ ಸ್ಥಾನ. ಆ ತಂಡದ ಪರ ಅತಿ ಹೆಚ್ಚು ರನ್, 371, ಹೊಡೆದವರು ಅದೇ ದ್ರಾವಿಡ್.

ಸರಿಯಾಗಿ ಒಂದು ವರ್ಷದ ನಂತರ, 2009ರ ಏಪ್ರಿಲ್ 18, ಕೇಪ್‌ಟೌನ್. ನಾಯಕತ್ವ ಹೋಗಿತ್ತು, ಆದರೂ ದ್ರಾವಿಡ್ 66 ಹೊಡೆದರು. ಕುಂಬ್ಳೆ 5 ರನ್ನಿಗೆ 5 ವಿಕೆಟ್ ಕಿತ್ತರು. ಹಿಂದಿನ ವರ್ಷದ ಚಾಂಪಿಯನ್ ರಾಜಸ್ಥಾನ 58ಕ್ಕೆ ಮುಗಿಯಿತು. ಮುಂದೆ ಕುಂಬ್ಳೆ ನಾಯಕರಾಗಿ ಅದೇ ತಂಡ ಫೈನಲ್ ತಲುಪಿ, 6 ರನ್ನಿನಿಂದ ಸೋತಿತು. ಕೋಚ್ ಬದಲಾಗಿದ್ದರು, ಹೊಸ ಆಟಗಾರರೂ ಬಂದಿದ್ದರು, ಒಪ್ಪುತ್ತೇನೆ. ಆದರೆ ದ್ರಾವಿಡ್, ಕುಂಬ್ಳೆ, ಕಾಲಿಸ್, ಕೊಹ್ಲಿ ಹಿಂದಿನ ವರ್ಷವೂ ಅಲ್ಲೇ ಇದ್ದವರು. ಕೆಲಸಕ್ಕೆ ಬಾರದವರು ಅನ್ನಿಸಿಕೊಂಡವರೇ ಗೆಲ್ಲಿಸಿದರು.

ಹಾಗಾದರೆ ಆಟಗಾರರದು ತಪ್ಪೇ ಇಲ್ಲವೇ? ಇದೆ. ಪಾಸ್ ಕೊಡದ ಅಹಂಕಾರ, ಪ್ರಾಕ್ಟೀಸಿಗೆ ಬಾರದ ಸೋಮಾರಿತನ, ಜಾತಿ-ಓಣಿ ನೋಡಿ ಗುಂಪು ಕಟ್ಟುವುದು ಎಲ್ಲ ಇದೆ. ಅದನ್ನು ಬೈಯಲೇಬೇಕು. ಆದರೆ ಮುಖಕ್ಕೆ ಮುಖ ಕೊಟ್ಟು, ಒಳಗೆ ಕೂರಿಸಿ ಬೈಯಿರಿ. ಮೈಕಿನಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬನ ಹೆಸರು ಹಿಡಿದರೆ ಉಳಿದ ಆರು ಮಂದಿ ಕಲಿಯುವ ಪಾಠ ಒಂದೇ: ಸೋತಾಗ ಬೆರಳು ಇನ್ನೊಬ್ಬನ ಕಡೆ ತಿರುಗಿಸು, ಉಳಿದುಕೊಳ್ಳುತ್ತೀ. ಅಲ್ಲಿಂದಲೇ ಜಗಳ ಶುರು.

ಮಲ್ಯ ಹಂಗಿಸಿದರೂ ದ್ರಾವಿಡ್‌ಗೆ ಏನೂ ಆಗಲಿಲ್ಲ, ಅವರ ಬೆನ್ನಿಗೆ ಹತ್ತು ಸಾವಿರ ಟೆಸ್ಟ್ ರನ್ ಇದ್ದವು. ನಮ್ಮ ಹುಡುಗನ ಬೆನ್ನಿಗೆ ಏನಿದೆ? ಒಂದು ನಂಬರಿನ ಜರ್ಸಿ, ಅದೂ ನೀವು ಕೊಡಿಸಿದ್ದು.

ಸಾಹುಕಾರ್ರೇ, ಜರ್ಸಿ ಕೊಡಿಸಿದ್ದಕ್ಕೆ ಶರಣು. ಮುಂದಿನ ಟೂರ್ನಮೆಂಟಿಗೆ ಮೊದಲು ಆ ಹುಡುಗನ ಮನೆಗೆ ನೀವೇ ಹೋಗಿ, "ಬಾರಪಾ, ಆಡೂಣು" ಅನ್ನಿ. ಅಷ್ಟು ಮಾಡಿದರೆ ಹೊಂದಾಣಿಕೆ ತಾನಾಗೇ ಬರುತ್ತದೆ.