ಅದಿರಿಗೂ ಕಾವಲು, ಉಕ್ಕಿಗೂ ಕಾವಲು: ಸಣ್ಣ ಉದ್ದಿಮೆಯ ಪಾಲಿಗೇನು?

ನಮ್ಮ ನೆಲದ ಕಬ್ಬಿಣದ ಅದಿರು ಚೀನಾಕ್ಕೆ ಹೋಗಿ ಉಕ್ಕಾಗಿ ಮರಳಿ ಬರುತ್ತದೆ, ಇದು ದೇಶದ ಸಂಪತ್ತಿನ ಸೋರಿಕೆ ಎಂಬ ಮಾತು ಎರಡು ದಶಕಗಳಿಂದ ಎಲ್ಲ ವೇದಿಕೆಗಳಲ್ಲಿಯೂ ಕೇಳಿಬರುತ್ತಿದೆ. ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಈ ಸೋರಿಕೆಯನ್ನು ತಡೆಯುವ ಹೆಸರಿನಲ್ಲಿ ಅದಿರು ಹೊರಹೋಗುವ ಬಾಗಿಲಿಗೊಂದು, ಉಕ್ಕು ಒಳಬರುವ ಬಾಗಿಲಿಗೊಂದು ಸುಂಕವನ್ನು ಹಾಕಲಾಗಿದೆ. ಇವುಗಳ ಲಾಭ ಯಾರ ಖಾತೆಗೆ ಜಮೆಯಾಗುತ್ತಿದೆ, ಹೊರೆ ಯಾರ ಖಾತೆಗೆ ಖರ್ಚು ಬೀಳುತ್ತಿದೆ ಎಂಬುದನ್ನು ಮಾತ್ರ ಯಾರೂ ಸರಿಯಾಗಿ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

2000ನೇ ಇಸವಿಯಲ್ಲಿ ಚೀನಾದ ಕಚ್ಚಾ ಉಕ್ಕಿನ ಉತ್ಪಾದನೆ 13 ಕೋಟಿ ಟನ್ನಿನ ಆಸುಪಾಸಿನಲ್ಲಿತ್ತು. 2020ರಲ್ಲಿ ಅದು 100 ಕೋಟಿ ಟನ್ನನ್ನು ದಾಟಿತು. ಇದೇ ಅವಧಿಯಲ್ಲಿ ಭಾರತವು ಸುಮಾರು 2.7 ಕೋಟಿ ಟನ್ನಿನಿಂದ 10 ಕೋಟಿ ಟನ್ನಿಗೆ ಏರಿ, 2018ರಲ್ಲಿ ಜಪಾನನ್ನು ಹಿಂದಿಕ್ಕಿ ಎರಡನೆಯ ಸ್ಥಾನಕ್ಕೆ ಬಂದಿತು. ಚೀನಾದ ಸ್ವಂತ ಅದಿರಿನಲ್ಲಿ ಕಬ್ಬಿಣಾಂಶ ಕಡಿಮೆ. ಆದ್ದರಿಂದ ಅದು ಆಸ್ಟ್ರೇಲಿಯ ಮತ್ತು ಬ್ರೆಜಿಲ್‌ಗಳಿಂದ ಕೊಂಡಿತು, ನಮ್ಮಿಂದಲೂ ಕೊಂಡಿತು. 2009-10ರಲ್ಲಿ ಭಾರತವು 11 ಕೋಟಿ ಟನ್ನಿಗೂ ಮಿಗಿಲಾಗಿ ಅದಿರನ್ನು ರಫ್ತು ಮಾಡಿತು. ಇದು ಆ ವರ್ಷದ ಒಟ್ಟು ಉತ್ಪಾದನೆಯ ಅರ್ಧಕ್ಕಿಂತ ಹೆಚ್ಚು. ಅದರಲ್ಲಿ ಬಹುಪಾಲು ಪುಡಿ ಅದಿರು, ಅಂದರೆ ಫೈನ್ಸ್. ಅದನ್ನು ಸಿಂಟರ್ ಅಥವಾ ಪೆಲೆಟ್ ಆಗಿ ಪರಿವರ್ತಿಸುವ ಸಾಮರ್ಥ್ಯ ಆಗ ನಮ್ಮಲ್ಲಿ ಸಾಕಷ್ಟಿರಲಿಲ್ಲವಾದ್ದರಿಂದ ಗಣಿಗಳ ಬಳಿ ಗುಡ್ಡೆಯಾಗಿ ಬಿದ್ದಿದ್ದ ಪುಡಿಗೆ ಚೀನಾ ಬೆಲೆ ಕಟ್ಟಿತು. ಇದನ್ನು ಮರೆತು ಅಂದಿನ ರಫ್ತನ್ನೆಲ್ಲ ಲೂಟಿಯೆಂದು ಬಣ್ಣಿಸುವುದು ನ್ಯಾಯವಲ್ಲ. ಬೇಲೆಕೇರಿಯ ಅಕ್ರಮ ಬೇರೆಯ ವಿಷಯ, ಅದಕ್ಕೆ ಸಮರ್ಥನೆಯಿಲ್ಲ.

ಅಕ್ರಮದ ಫಲವನ್ನು ನಮ್ಮ ರಾಜ್ಯ ದೀರ್ಘಕಾಲ ಉಂಡಿದೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆಯೊಡ್ಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಷರತ್ತುಗಳೊಡನೆ ಗಣಿಗಳು ಮತ್ತೆ ತೆರೆದರೂ ಮಾರಾಟ ಇ-ಹರಾಜಿನ ಮೂಲಕವೇ ನಡೆಯಬೇಕಾಗಿತ್ತು. ಈ ಮೂರು ಜಿಲ್ಲೆಗಳ ಅದಿರಿನ ರಫ್ತಿಗೆ ನ್ಯಾಯಾಲಯದ ಅನುಮತಿ ದೊರೆತದ್ದು 2022ರ ಮೇ 20ರಂದು. ಮರುದಿನವೇ ಕೇಂದ್ರ ಸರ್ಕಾರ ಎಲ್ಲ ದರ್ಜೆಯ ಅದಿರಿನ ಮೇಲೆ ಶೇ. 50 ರಫ್ತು ಸುಂಕವನ್ನು ಪ್ರಕಟಿಸಿತು! ಒಂದು ಕೈಯಲ್ಲಿ ಸಿಕ್ಕಿದ್ದು ಮತ್ತೊಂದು ಕೈಯಲ್ಲಿ ಹೋಯಿತು.

ರಫ್ತು ಸುಂಕದ ಕಾರ್ಯವಿಧಾನವನ್ನು ಸ್ವಲ್ಪ ವಿವರವಾಗಿ ನೋಡೋಣ. 2007ರ ಮುಂಗಡಪತ್ರದಲ್ಲಿ ಟನ್ನಿಗೆ 300 ರೂಪಾಯಿಯಿಂದ ಆರಂಭವಾದ ಈ ಸುಂಕ ಹಲವು ಬಾರಿ ಏರಿಳಿದು 2011ರ ಡಿಸೆಂಬರ್ ಅಂತ್ಯದಲ್ಲಿ ಮೌಲ್ಯದ ಶೇ. 30ಕ್ಕೆ ಮುಟ್ಟಿತು. 2016ರಲ್ಲಿ ಶೇ. 58ಕ್ಕಿಂತ ಕಡಿಮೆ ಕಬ್ಬಿಣಾಂಶದ ಅದಿರಿಗೆ ವಿನಾಯಿತಿ ನೀಡಲಾಯಿತು. ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ. 30 ಉಳಿಯಿತು. ಹಡಗಿನ ಬಳಿ 100 ರೂಪಾಯಿ ಬೆಲೆಬಾಳುವ ಉತ್ತಮ ಅದಿರಿನಲ್ಲಿ 30 ರೂಪಾಯಿ ಸುಂಕಕ್ಕೆ ಹೋದರೆ ಉಳಿದದ್ದು 70. ಅದರಲ್ಲಿ ರೈಲು, ಲಾರಿ, ಬಂದರಿನ ವೆಚ್ಚ ಕಳೆದು ಉಳಿಯುವ ಹಣಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೂ ದೇಶೀಯ ಉಕ್ಕಿನ ಕಾರ್ಖಾನೆಗೆ ಅದಿರು ದೊರೆಯುತ್ತದೆ. ಅರ್ಥಾತ್, ರಫ್ತು ಸುಂಕವು ಗಣಿ ಮಾಲೀಕನಿಂದ ಉಕ್ಕಿನ ಕಾರ್ಖಾನೆಗೆ ನೀಡಲಾಗುವ ಒಂದು ರಿಯಾಯಿತಿ. ಅದು ಸರ್ಕಾರದ ಲೆಕ್ಕಪತ್ರದಲ್ಲಿ ಸಹಾಯಧನವೆಂದು ಎಲ್ಲಿಯೂ ನಮೂದಾಗುವುದಿಲ್ಲ.

ಆ ರಿಯಾಯಿತಿ ಮುಂದೆ ಉಕ್ಕನ್ನು ಕೊಳ್ಳುವವನಿಗೆ ಹರಿದುಬರುತ್ತದೆಯೇ? ಬರುವುದಿಲ್ಲ. ದೇಶೀಯ ಕಾರ್ಖಾನೆಗಳು ಎಚ್‌ಆರ್ ಕಾಯಿಲ್‌ನ ಬೆಲೆಯನ್ನು ತಮ್ಮ ಉತ್ಪಾದನಾ ವೆಚ್ಚಕ್ಕೆ ಲಾಭ ಕೂಡಿಸಿ ನಿಗದಿಪಡಿಸುವುದಿಲ್ಲ. ಅದೇ ಕಾಯಿಲ್ ಆಮದಾಗಿ ಮುಂಬಯಿ ಅಥವಾ ಚೆನ್ನೈ ತಲಪುವ ಹೊತ್ತಿಗೆ, ಸುಂಕವೂ ಸೇರಿ, ಎಷ್ಟಾಗುತ್ತದೆಯೋ ಅದರ ಆಸುಪಾಸಿನಲ್ಲಿ ಬೆಲೆ ನಿಲ್ಲುತ್ತದೆ. ಅದಿರು ಅಗ್ಗವಾದರೆ ಕಾರ್ಖಾನೆಯ ಲಾಭ ಹೆಚ್ಚುತ್ತದೆಯೇ ಹೊರತು ಪೀಣ್ಯದ ಫ್ಯಾಬ್ರಿಕೇಟರ್‌ನ ಬಿಲ್ಲು ಇಳಿಯುವುದಿಲ್ಲ. ತಮಗೆ ಅದಿರು ಅಗ್ಗವಾಗಿಲ್ಲ, ಗಣಿ ಹರಾಜಿನಲ್ಲಿ ಭಾರಿ ಪ್ರೀಮಿಯಂ ತೆರುತ್ತಿದ್ದೇವೆ ಎಂದು ಕಾರ್ಖಾನೆಗಳು ವಾದಿಸುತ್ತವೆ. 2020ರ ಒಡಿಶಾ ಹರಾಜಿನಲ್ಲಿ ಅದಿರಿನ ಸರಾಸರಿ ಮಾರಾಟ ಬೆಲೆಯ ಶೇ. 100ನ್ನೂ ಮೀರಿದ ಬಿಡ್ಡುಗಳು ಬಂದದ್ದು ನಿಜ. ಆದರೆ ಅವು ಸ್ವಇಚ್ಛೆಯಿಂದ ಕೂಗಿದ ಬಿಡ್ಡುಗಳು. ಉಕ್ಕಿನ ಬೆಲೆ ಆ ಹೊರೆಯನ್ನು ತಾಳುತ್ತದೆಂಬ ನಂಬಿಕೆಯಿಲ್ಲದೆ ಯಾವ ವ್ಯಾಪಾರಿಯೂ ಹಾಗೆ ಕೂಗಲಾರ.

ಉಕ್ಕಿನ ಬಳಕೆದಾರನ ಪರವಾಗಿ ಸುಂಕವೊಂದು ಬಂದದ್ದು 2022ರ ಮೇ ತಿಂಗಳಿನಲ್ಲಿ. ಅದಿರಿನ ಸುಂಕದೊಡನೆ ಹಲವು ಉಕ್ಕಿನ ಉತ್ಪನ್ನಗಳ ರಫ್ತಿನ ಮೇಲೂ ಶೇ. 15 ಸುಂಕ ವಿಧಿಸಲಾಯಿತು. ಆರು ತಿಂಗಳೊಳಗೆ, ಅದೇ ನವೆಂಬರ್‌ನಲ್ಲಿ, ಉಕ್ಕಿನ ರಫ್ತು ಸುಂಕ ರದ್ದಾಯಿತು. ಉತ್ತಮ ಅದಿರಿನ ಮೇಲಿನ ಶೇ. 30 ಮಾತ್ರ ಮೊದಲಿನಂತೆಯೇ ಮರಳಿತು. ಯಾರ ಧ್ವನಿ ದೆಹಲಿಗೆ ಕೇಳಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಈಗ ಮತ್ತೊಂದು ಬಾಗಿಲಿನ ಕಡೆ ಬರೋಣ. ಚೀನಾದಲ್ಲಿ ಗೃಹನಿರ್ಮಾಣ ಕ್ಷೇತ್ರ ಕುಸಿದ ಮೇಲೆ ಅಲ್ಲಿಯ ಉಕ್ಕು ಹೊರದೇಶಗಳನ್ನು ಹುಡುಕಿಕೊಂಡು ಹೊರಟಿದೆ. 2024ರಲ್ಲಿ ಚೀನಾದ ಉಕ್ಕಿನ ರಫ್ತು ಸುಮಾರು 11 ಕೋಟಿ ಟನ್. ನಮ್ಮ ಇಡೀ ದೇಶದ ಆ ವರ್ಷದ ಉತ್ಪಾದನೆಯೇ ಸುಮಾರು 15 ಕೋಟಿ ಟನ್. 2023-24ರಲ್ಲಿ ಭಾರತವು ಸಿದ್ಧ ಉಕ್ಕಿನ ನಿವ್ವಳ ಆಮದುದಾರ ದೇಶವಾಯಿತು. ಭಾರತೀಯ ಉಕ್ಕು ಸಂಘವು ತನ್ನ ದೊಡ್ಡ ಸದಸ್ಯರ ಪರವಾಗಿ ಅರ್ಜಿ ಸಲ್ಲಿಸಿತು. 2025ರ ಏಪ್ರಿಲ್‌ನಲ್ಲಿ ಚಪ್ಪಟೆ ಉಕ್ಕಿನ ಮೇಲೆ 200 ದಿನಗಳ ಶೇ. 12 ತಾತ್ಕಾಲಿಕ ಸುರಕ್ಷಾ ಸುಂಕ ಬಂದಿತು. ಡಿಸೆಂಬರ್‌ನಲ್ಲಿ ಅದನ್ನು ಶೇ. 12, 11.5 ಮತ್ತು 11ರ ಇಳಿಕೆಯ ಕ್ರಮದಲ್ಲಿ ಒಟ್ಟು ಮೂರು ವರ್ಷಗಳಿಗೆ ವಿಸ್ತರಿಸಲಾಯಿತು. ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಇದರಿಂದ ವಿನಾಯಿತಿ ಇದ್ದರೂ ಚೀನಾ ಮತ್ತು ವಿಯೆಟ್ನಾಂಗಳಿಗೆ ಇಲ್ಲ.

ಈ ರಕ್ಷಣೆಯೇ ತಪ್ಪೆಂದು ನಾನು ಹೇಳಲಾರೆ. ಉಕ್ಕಿನ ಕಾರ್ಖಾನೆ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಸುಲಭವಲ್ಲ. ತೋರಣಗಲ್ಲಿನಿಂದ ಭದ್ರಾವತಿಯವರೆಗೆ ಉಕ್ಕಿನೊಡನೆ ಬದುಕಿದ ನಮಗೆ ಇದು ತಿಳಿಯದ್ದೇನಲ್ಲ. ಆದರೆ ಅದಿರಿನ ಬಾಗಿಲಿನಲ್ಲಿಯೂ ಉಕ್ಕಿನ ಬಾಗಿಲಿನಲ್ಲಿಯೂ ರಕ್ಷಣೆ ಪಡೆದವನು ಒಬ್ಬನೇ, ತೆತ್ತವರು ಇಬ್ಬರು. ಒಬ್ಬ ಗಣಿಯವನು; ಅವನಿಗೆ ಹೇಗೋ ನಿಭಾಯಿಸುವ ಶಕ್ತಿಯಿದೆ. ಇನ್ನೊಬ್ಬ ಸಣ್ಣ ಉದ್ದಿಮೆದಾರ.

ಅವನ ಲಾಭ-ನಷ್ಟದ ತಖ್ತೆಯನ್ನು ಉದಾಹರಣೆಗಾಗಿ ಹೀಗೆ ಊಹಿಸಿಕೊಳ್ಳಿ. ಒಂದು ಲಕ್ಷ ರೂಪಾಯಿ ಮಾರಾಟದಲ್ಲಿ ಉಕ್ಕಿನ ವೆಚ್ಚ 60 ಸಾವಿರ, ಕೂಲಿ, ವಿದ್ಯುತ್, ಬಡ್ಡಿ, ಬಾಡಿಗೆ ಇತ್ಯಾದಿ 34 ಸಾವಿರ, ಲಾಭ 6 ಸಾವಿರ. ಉಕ್ಕಿನ ಬೆಲೆ ಶೇ. 10 ಏರಿದರೆ ಆ 6 ಸಾವಿರವೂ ಇಲ್ಲ. ಅವನ ಗ್ರಾಹಕನಾದ ದೊಡ್ಡ ಕಂಪನಿ ವರ್ಷದ ದರವನ್ನು ಮೊದಲೇ ಗೊತ್ತುಮಾಡಿರುತ್ತದೆ. ಉಕ್ಕಿನ ವ್ಯಾಪಾರಿಗೆ ನಗದು ಕೊಟ್ಟು ಸರಕು ತಂದ ಇವನು, 45 ದಿನಗಳ ಕಾನೂನು ಇದ್ದಾಗಲೂ, ಹಣಕ್ಕಾಗಿ ಕಾಯುತ್ತ ಓವರ್‌ಡ್ರಾಫ್ಟ್‌ನ ಬಡ್ಡಿ ಕಟ್ಟುತ್ತಾನೆ. ರಫ್ತುದಾರರಿಗೆ ಸುಂಕರಹಿತ ಆಮದಿನ ಅವಕಾಶವಿದೆ ಎಂದು ಅಧಿಕಾರಿಗಳು ಹೇಳುವುದುಂಟು. ತಿಂಗಳಿಗೆ 20 ಟನ್ ಬಳಸುವ ಘಟಕ ಹಡಗಿನ ಸರಕನ್ನು ತರಿಸುವುದು ಹೇಗೆ? ಬಿಐಎಸ್ ಪ್ರಮಾಣಪತ್ರವಿರುವ ವಿದೇಶಿ ಕಾರ್ಖಾನೆಯನ್ನು ಹುಡುಕುವುದು ಯಾರು?

ರಕ್ಷಣೆ ಪಡೆಯುವ ಕಾರ್ಖಾನೆಗಳು, ರಫ್ತು ಮಾಡುವ ಸಣ್ಣ ಎಂಜಿನಿಯರಿಂಗ್ ಘಟಕಗಳಿಗೆ ತಮ್ಮ ರಫ್ತಿನ ಬೆಲೆಗೇ ಉಕ್ಕನ್ನು ಒದಗಿಸಬೇಕೆಂಬ ಷರತ್ತನ್ನು ಸುಂಕದ ಆದೇಶದೊಡನೆಯೇ ಸೇರಿಸುವಂತೆ ಒತ್ತಾಯಿಸುವುದು ಅಗತ್ಯ. ಸಣ್ಣ ಪ್ರಮಾಣದ ವಿತರಣೆಗೆ ರಾಜ್ಯದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮವನ್ನು ಬಳಸಿಕೊಳ್ಳಬಹುದು. ಇದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯದ ವಿಚಾರಣೆಯಲ್ಲಿ ಬಳಕೆದಾರ ಉದ್ದಿಮೆಗಳಿಗೂ ಆಸಕ್ತ ಪಕ್ಷಗಳಾಗಿ ನೋಂದಾಯಿಸಿಕೊಂಡು ಪ್ರಶ್ನಾವಳಿಗೆ ಉತ್ತರಿಸುವ ಹಕ್ಕಿದೆ. ಉಕ್ಕಿನ ಕಾರ್ಖಾನೆಗಳು ವಕೀಲರನ್ನೂ ವೆಚ್ಚ ಲೆಕ್ಕಿಗರನ್ನೂ ಕರೆದೊಯ್ಯುತ್ತವೆ. ಹತ್ತು ಜನ ಕೆಲಸಗಾರರ ಘಟಕದ ಮಾಲೀಕನಿಗೆ ಅಂತಹ ವಿಚಾರಣೆ ನಡೆಯುತ್ತಿದೆಯೆಂಬುದೇ ತಿಳಿದಿರುವುದಿಲ್ಲ. ಅವನ ಪರವಾಗಿ ಹಾಜರಾಗಲು ನಮ್ಮಂತಹ ವಾಣಿಜ್ಯ ಸಂಸ್ಥೆಗಲ್ಲದೆ ಇನ್ನಾರಿಗೆ ಸಾಧ್ಯ? ಸುರಕ್ಷಾ ಸುಂಕದ ಅವಧಿ 2028ರ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಅದನ್ನು ಮುಂದುವರಿಸಬೇಕೆಂಬ ಅರ್ಜಿ ಅದಕ್ಕೂ ಮೊದಲೇ ಬರುವ ಸಂಭವ ಹೆಚ್ಚು. ಆದ್ದರಿಂದ 2024-25ರಿಂದ ಮೊದಲ್ಗೊಂಡು ಪ್ರತಿ ತಿಂಗಳ ಉಕ್ಕಿನ ಖರೀದಿ ಬಿಲ್ಲುಗಳನ್ನು, ಕಳೆದುಕೊಂಡ ಆರ್ಡರುಗಳ ಪತ್ರವ್ಯವಹಾರವನ್ನು ಸದಸ್ಯ ಘಟಕಗಳು ಒಂದು ಕಡತದಲ್ಲಿ ಜೋಡಿಸಿಟ್ಟು ಅದರ ಪ್ರತಿಯನ್ನು ಸಂಸ್ಥೆಯ ಕಾರ್ಯಾಲಯಕ್ಕೆ ತಲಪಿಸುವುದು ಒಳ್ಳೆಯದು.