ಬೋರ್ಡು ಕನ್ನಡ, ಬಿಲ್ಲು ಇಂಗ್ಲಿಷ್!



ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮನೆ ಮುಂದೆ ನಿಂತಿರುವ ಕಾರಿನ ಡ್ಯಾಶ್‌ಬೋರ್ಡಿನ ಖಾನೆ ತೆರೆಯಿರಿ. ಅಲ್ಲಿ ಮಡಚಿ ತುರುಕಿದ ಒಂದು ಸರ್ವಿಸ್ ಬಿಲ್ಲು ಇದ್ದೇ ಇರುತ್ತದೆ. ಅದನ್ನು ತೆಗೆದು, ಜಗುಲಿಯ ಮೇಲೆ ಅಪ್ಪನ ಪಕ್ಕ ಕೂತು, ಸಾಲು ಸಾಲಾಗಿ ಓದಿ ಹೇಳಿ. ಇದರಲ್ಲಿ ಎಷ್ಟು ಗೊತ್ತಿತ್ತು ಎಂದು ಕೇಳಿ. ದುಡ್ಡು ಎಣಿಸಿ ಕೊಟ್ಟವರು ಅವರು. ಸಹಿ ಹಾಕಿದವರೂ ಅವರೇ. ಯಾವುದಕ್ಕೆ ಕೊಟ್ಟೆ, ಯಾವುದಕ್ಕೆ ಸಹಿ ಹಾಕಿದೆ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ!

ಕಾರು ಸಾಹುಕಾರರ ಸೊತ್ತು, ಕನ್ನಡ ಹೋರಾಟದವರಿಗೆ ಅದರ ಉಸಾಬರಿ ಯಾಕೆ ಎಂದು ಮೂಗು ಮುರಿಯುವವರು ಇದ್ದಾರೆ. ಅಂಥವರು ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಬಂದು ನಿಂತು ನೋಡಲಿ. ರಂಗನತಿಟ್ಟು, ಕೆ.ಆರ್.ಎಸ್., ಮೇಲುಕೋಟೆ ಎಂದು ಪ್ರವಾಸಿಗಳನ್ನು ಹೊತ್ತು ತಿರುಗುವ ಹಳದಿ ಬೋರ್ಡಿನ ಗಾಡಿಗಳಲ್ಲಿ ಸಾಲದ ಕಂತು ಇಲ್ಲದ ಗಾಡಿ ಎಷ್ಟಿವೆ ವಿಚಾರಿಸಲಿ. ಪಾಂಡವಪುರದಲ್ಲಿ ಕಬ್ಬಿನ ದುಡ್ಡು ಬಂದ ವರ್ಷ ಕೊಂಡ ಸೆಕೆಂಡ್ ಹ್ಯಾಂಡ್ ಕಾರು, ಕೆ.ಆರ್. ಪೇಟೆಯಿಂದ ಮುಂಬೈಗೆ ಹೋಗಿ ಹೋಟೆಲಿನಲ್ಲಿ ದುಡಿದು ತಂದ ಹಣದ ಕಾರು, ನಾಗಮಂಗಲದಿಂದ ಬೆಂಗಳೂರಿಗೆ ಬಂದು ಹಗಲು ರಾತ್ರಿ ಬಾಡಿಗೆ ಓಡಿಸುವ ಹುಡುಗನ ಕಾರು. ಇದರಲ್ಲಿ ಸಾಹುಕಾರಿಕೆ ಎಲ್ಲಿದೆ? ಗಾಡಿ ನಾಲ್ಕು ದಿನ ಶೆಡ್ಡಿನಲ್ಲಿ ನಿಂತರೆ ಒಲೆಯೂ ನಿಲ್ಲುವ ಮನೆಗಳು ಇವು.

ಒಂದು ಉದಾಹರಣೆ ಇಟ್ಟುಕೊಳ್ಳಿ. ಪಾಂಡವಪುರದ ಕಡೆಯ ಒಬ್ಬ ಟ್ಯಾಕ್ಸಿ ಚಾಲಕ. ಮೀಟರಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿಕೊಂಡಿದೆ, ಗಾಡಿ ಜರ್ಕ್ ಹೊಡೆಯುತ್ತಿದೆ, ಪಿಕಪ್ ಇಲ್ಲ. ಮೈಸೂರಿನ ಒಂದು ಶೋರೂಮಿಗೆ ಒಯ್ದ. ಟೈ ಕಟ್ಟಿದ ಹುಡುಗ ಬಂದ, ಕಾಫಿ ಕೊಟ್ಟ, ‘ಇಲ್ಲೊಂದು ಸೈನ್ ಹಾಕಿ ಸಾರ್’ ಎಂದ. ಇವನು ಹಾಕಿದ. ಸಂಜೆ ಫೋನು ಬಂತು. ಕಾಯಿಲ್ ಹೋಗಿದೆ, ಇಂಜೆಕ್ಟರ್ ತೆಗೆಯಬೇಕು, ವೈರಿಂಗ್ ನೋಡಬೇಕು, ಇಪ್ಪತ್ತೆರಡು ಸಾವಿರ ಆಗುತ್ತದೆ. ‘ಬ್ಯಾಡ ಬುಡಿ ಸಾ, ನಮ್ಮೂರಲ್ಲೇ ನೋಡ್ಕತೀನಿ’ ಎಂದ. ಸರಿ, ಡಯಾಗ್ನಸ್ಟಿಕ್ ಚಾರ್ಜು ಎರಡು ಸಾವಿರ ಕಟ್ಟಿ ಗಾಡಿ ತಗೊಂಡು ಹೋಗಿ ಎಂದರು. ‘ಬರೀ ನೋಡಕ್ಕೇ ಎರಡ್ ಸಾವ್ರನಾ?’ ‘ನೀವೇ ಸೈನ್ ಹಾಕಿದೀರಲ್ಲ ಸಾರ್!’

ಇಲ್ಲಿಗೆ ಬಂತು ನೋಡಿ ವಿಷಯ. ಆ ಸೈನು! ಓದಲಾಗದ ಕಾಗದದ ಮೇಲೆ ಹಾಕಿದ ಆ ಒಂದು ಸೈನಿಗೆ ಎರಡು ಸಾವಿರ ದಂಡ.

ನ್ಯಾಯವಾಗಿ ಮಾತಾಡೋಣ. ಗಾಡಿ ನೋಡಿ ದೋಷ ಹುಡುಕುವುದು ಕೆಲಸವೇ, ಕೆಲಸಕ್ಕೆ ಕೂಲಿ ಬೇಕು. ಡಾಕ್ಟರು ನಾಡಿ ಹಿಡಿದರೆ ಫೀಜು ಕೊಡುವುದಿಲ್ಲವೇ? ನಮ್ಮ ತಕರಾರು ಬೇರೆ. ಎಷ್ಟು ಎಂದು ಮೊದಲೇ ಹೇಳಲಿಲ್ಲ ಯಾಕೆ? ಅಲ್ಲೇ ರಿಪೇರಿ ಮಾಡಿಸಿದರೆ ಆ ಹಣ ಬಿಲ್ಲಿನಲ್ಲಿ ವಜಾ ಆಗುತ್ತದೆಯೋ ಇಲ್ಲವೋ? ಮತ್ತೆ ಮುಖ್ಯವಾದದ್ದು: ಆ ಹಣಕ್ಕೆ ಅವರು ನಿಜವಾಗಿ ಏನು ಮಾಡಿದರು?

ಸ್ಟೀರಿಂಗಿನ ಕೆಳಗೆ ಕೈಯಾಡಿಸಿ ನೋಡಿ, ಒಂದು ಸಾಕೆಟ್ ಸಿಗುತ್ತದೆ. ನಮ್ಮ ದೇಶದ ಕಾರುಗಳಿಗೆ 2013ರಿಂದ ಒಬಿಡಿ-2 ಎಂಬ ವ್ಯವಸ್ಥೆ ಕಡ್ಡಾಯವಾಯಿತು, ಆ ಸಾಕೆಟ್ ಅದರದು. ಸ್ಕ್ಯಾನರ್ ಚುಚ್ಚಿದರೆ ಗಾಡಿಯ ಕಂಪ್ಯೂಟರು ಒಂದು ಕೋಡ್ ಕೊಡುತ್ತದೆ. ಪಿ0301 ಎಂದು ಬಂತು ಎನ್ನಿ. ಒಂದನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಅದರ ಅರ್ಥ. ಸ್ಪಾರ್ಕ್ ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ವೈರು ಸಡಿಲವಾಗಿರಬಹುದು. ಯಾವುದು ಎಂದು ಒಂದೊಂದಾಗಿ ಪರೀಕ್ಷೆ ಮಾಡಿ ಹೇಳುವುದಕ್ಕೆ ಡಯಾಗ್ನೋಸಿಸ್ ಎನ್ನುತ್ತಾರೆ. ಕೋಡ್ ಓದುವ ಸಣ್ಣ ಬ್ಲೂಟೂತ್ ಸಾಧನ ಸಾವಿರ ರೂಪಾಯಿಯೊಳಗೆ ಸಿಗುವ ಕಾಲ ಇದು. ಬರೀ ಕೋಡ್ ಓದಿ ದುಡ್ಡು ಕಿತ್ತು, ಆಮೇಲೆ ಪ್ಲಗ್ ಬದಲಿಸಿ ನೋಡೋಣ, ಕಾಯಿಲ್ ಬದಲಿಸಿ ನೋಡೋಣ ಎಂದು ಗಿರಾಕಿಯ ಖರ್ಚಿನಲ್ಲಿ ಪ್ರಯೋಗ ನಡೆಸಿದರೆ ಅದು ಯಾವ ಸೀಮೆಯ ಪತ್ತೆ? ಕೇಳಿ. ಕೋಡ್ ಏನು ಬಂತು? ಏನೇನು ಪರೀಕ್ಷೆ ಮಾಡಿದಿರಿ? ಅದರ ಪ್ರಿಂಟು ಕೊಡಿ. ದುಡ್ಡು ಕೊಟ್ಟವನು ನೀನು, ವರದಿ ನಿನ್ನದು.

‘ಹಾಗಾದರೆ ಊರಿನ ಗ್ಯಾರೇಜಿಗೇ ಹೋಗಬಹುದಲ್ಲ’ ಎನ್ನುತ್ತೀರಿ. ಅಲ್ಲಿಯೇ ಇರುವುದು ದೊಡ್ಡ ಕಥೆ. ಕೆ.ಆರ್. ಪೇಟೆಯಲ್ಲೋ ನಾಗಮಂಗಲದಲ್ಲೋ ಇಂಜಿನ್ ಶಬ್ದ ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್ ಇದ್ದಾನೆ. ಆದರೆ ಹೊಸ ಗಾಡಿಯ ಒಳಗಿನ ಬೀಗದ ಕೈ ಕಂಪನಿಯ ಜೇಬಿನಲ್ಲಿದೆ. ಕಂಪನಿಯ ಸಾಫ್ಟ್‌ವೇರ್ ಅವನಿಗೆ ಸಿಗುವುದಿಲ್ಲ, ರಿಪೇರಿ ಪುಸ್ತಕ ಸಿಗುವುದಿಲ್ಲ, ಅಸಲಿ ಬಿಡಿಭಾಗ ಸಿಗುವುದಿಲ್ಲ. ಇದು ನಮ್ಮ ಗೊಣಗಾಟ ಮಾತ್ರವಲ್ಲ. 2011ರಲ್ಲಿ ಇದೇ ದೂರು ಭಾರತದ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳನ್ನು ತಪ್ಪಿತಸ್ಥರೆಂದು ಹೇಳಿ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗುವಂತೆ ಮಾಡಿ ಎಂದಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಕೂಡದು ಎಂದಿತು. ನೀವು ಬೆಂಗಳೂರಿನಿಂದ ಊರಿಗೆ ಬರುವ ದಾರಿಯಲ್ಲಿ ಬಿಡದಿ ಸಿಗುತ್ತದಲ್ಲ, ಅಲ್ಲಿ ಕಾರ್ಖಾನೆ ಇರುವ ಟೊಯೋಟಾ ಕೂಡ ಆ ಪಟ್ಟಿಯಲ್ಲಿತ್ತು, 93.38 ಕೋಟಿ ದಂಡ. 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೋಟಾ, ಫೋರ್ಡ್, ನಿಸ್ಸಾನ್ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದು, ದಂಡದ ಲೆಕ್ಕವನ್ನು ಮಾತ್ರ ಇಳಿಸಿತು. ಆಮೇಲೂ ಕೋರ್ಟಿನ ಜಗ್ಗಾಟ ಮುಗಿಯಲಿಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ‘ರಿಪೇರಿಯ ಹಕ್ಕು’ ಎಂದು ಒಂದು ಪೋರ್ಟಲ್ ತೆರೆಯಿತು. ಸಂತೋಷ. ಪೋರ್ಟಲ್ಲಿನಿಂದ ಪಾಂಡವಪುರದ ಗ್ಯಾರೇಜಿಗೆ ಸ್ಕ್ಯಾನರ್ ಬಂದು ಇಳಿಯುವುದಿಲ್ಲ. ಕನ್ನಡದ ಹುಡುಗರಿಗೆ ಕೆಲಸ ಕೊಡಿ ಎಂದು ನಾವು ಕೂಗುತ್ತೇವೆ. ಇರುವ ಕೆಲಸವೇ ಹೀಗೆ ಬೀಗ ಬಿದ್ದು ಹೋಗುತ್ತಿರುವುದು ಎಷ್ಟು ಜನರ ಕಣ್ಣಿಗೆ ಬಿದ್ದಿದೆ?

ಈಗ ಭಾಷೆಯ ಮಾತು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೀದಿಯಲ್ಲಿ ಬೋರ್ಡಿಗಾಗಿ ಹೋರಾಟ ನಡೆಯಿತು, ಬಂಧನಗಳಾದವು. 2024ರ ಫೆಬ್ರವರಿಯಲ್ಲಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂಬ ತಿದ್ದುಪಡಿಯನ್ನು ವಿಧಾನಮಂಡಲ ಒಪ್ಪಿತು. ಅದು ದೊಡ್ಡ ಗೆಲುವೇ. ಆದರೆ ಶೋರೂಮಿನ ತಲೆಯ ಮೇಲೆ ಕನ್ನಡ ಹೊಳೆಯುತ್ತಿದ್ದರೆ ಸಾಕೇ? ಒಳಗೆ ಮೇಜಿನ ಮೇಲೆ ನಮ್ಮಪ್ಪನ ಮುಂದೆ ಚಾಚುವ ಜಾಬ್ ಕಾರ್ಡು ಯಾವ ಭಾಷೆಯಲ್ಲಿದೆ? ಅದರ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾದ ಷರತ್ತುಗಳು ಯಾವ ಭಾಷೆಯಲ್ಲಿವೆ? ಬ್ಯಾಂಕಿನ ಎಟಿಎಂ ಕನ್ನಡ ಮಾತಾಡುತ್ತದೆ. ಕಾರು ಮಾರುವಾಗ ಜಾಹೀರಾತು ಕನ್ನಡದಲ್ಲೇ ಬರುತ್ತದೆ, ಅದೂ ಸವಿಗನ್ನಡ! ದುಡ್ಡು ಕೀಳುವ ಕಾಗದಕ್ಕೆ ಮಾತ್ರ ಕನ್ನಡ ಬಾರದೇ? ಬೆಲೆ ಏನು, ಸೇವೆ ಎಂಥದು ಎಂದು ತಿಳಿದುಕೊಳ್ಳುವ ಹಕ್ಕು ಗ್ರಾಹಕನಿಗಿದೆ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಓದಲಾಗದ ಭಾಷೆಯಲ್ಲಿ ತಿಳಿಸಿದರೆ ತಿಳಿಸಿದ ಹಾಗಾಯಿತೇ?

ಕಂಪನಿಗಳು ಕನ್ನಡಕ್ಕೆ ಬರುವ ತನಕ ಕೈಕಟ್ಟಿ ಕೂರಬೇಡಿ. ಜಾಬ್ ಕಾರ್ಡಿಗೆ ಸಹಿ ಹಾಕುವ ಮುಂಚೆ, ಸಹಿಯ ಮೇಲುಗಡೆ, ನಿಮ್ಮ ಕೈಯಾರೆ, ಕನ್ನಡದಲ್ಲಿ ಇಷ್ಟು ಬರೆಯಿರಿ: ‘ಪರೀಕ್ಷೆಯ ಶುಲ್ಕ ಇಷ್ಟು ರೂಪಾಯಿ ಎಂದು ತಿಳಿಸಿದ್ದಾರೆ. ಇದಕ್ಕೆ ಮೀರಿದ ಯಾವ ಕೆಲಸವನ್ನೂ ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಮಾಡಕೂಡದು. ತೆಗೆದ ಹಳೆಯ ಭಾಗಗಳನ್ನು ನನಗೆ ಕೊಡಬೇಕು.’ ನಾಲ್ಕು ಸಾಲಿಗಿಂತ ಹೆಚ್ಚಿಲ್ಲ. ಅದರ ಫೋಟೋ ಹೊಡೆದುಕೊಳ್ಳಿ. ಅಪ್ಪ ಒಬ್ಬರೇ ಹೋಗಿದ್ದರೆ ಫೋನಿನಲ್ಲಿ ನೀವೇ ಹೇಳಿ ಬರೆಸಿ. ಎಸ್ಟಿಮೇಟ್ ಬಾಯಿಮಾತಿನಲ್ಲಿ ಬೇಡ, ವಾಟ್ಸಾಪಿನಲ್ಲಿ ಬರಲಿ. ಬಿಲ್ಲಿನಲ್ಲಿ ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ ಜಿಎಸ್‌ಟಿ ಶೇಕಡಾ 18. ಅದಕ್ಕೂ ಮುಂಚೆ ಬಹುಪಾಲು ಭಾಗಗಳಿಗೆ 28 ಇತ್ತು. ಹಳೇ ದರ ಹಾಕಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ವಾರಂಟಿ ಇರುವ ಗಾಡಿಯಾದರೆ ಹೊರಗೆ ಬಿಚ್ಚಿಸುವ ಮೊದಲು ಅದರ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಿ.

ಜಗಳ ಆಗಿಯೇ ಹೋಯಿತು, ದುಡ್ಡು ಕಟ್ಟದೆ ಕೀ ಕೊಡುವುದಿಲ್ಲ ಎಂದರು ಎನ್ನಿ. ರಕ್ತ ಕುದಿಯುತ್ತದೆ, ಗೊತ್ತು. ಗಾಜಿಗೆ ಕೈ ಹಾಕಬೇಡಿ. ಒಪ್ಪಿದ ಕೆಲಸದ ಕೂಲಿ ಬರುವ ತನಕ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು 1872ರ ಕರಾರು ಕಾಯ್ದೆಯ 170ನೇ ಕಲಮಿನಲ್ಲಿ ಗ್ಯಾರೇಜಿನವನಿಗೆ ಇದೆ. ಒಪ್ಪದ ಕೆಲಸಕ್ಕೂ ಅದು ಹೊಂದುತ್ತದೆಯೇ ಎಂಬುದು ವಾದ ಮಾಡಬೇಕಾದ ಮಾತು, ಆದರೆ ಆ ವಾದ ಕೌಂಟರಿನಲ್ಲಿ ತೀರುವುದಿಲ್ಲ. ಗಾಡಿ ನಿಂತಷ್ಟು ದಿನ ಬಾಡಿಗೆ ಹೋಗುವುದು ನಿಮ್ಮದೇ. ಆದ್ದರಿಂದ ಬಿಲ್ಲಿನ ಎರಡೂ ಪ್ರತಿಗಳ ಮೇಲೆ ‘ಆಕ್ಷೇಪಣೆ ಇಟ್ಟುಕೊಂಡೇ ಹಣ ಕಟ್ಟಿದ್ದೇನೆ’ ಎಂದು ಬರೆದು, ಕಟ್ಟಿ, ಗಾಡಿ ಬಿಡಿಸಿಕೊಂಡು ಬನ್ನಿ. ನಗದು ಬೇಡ, ಗುರುತು ಉಳಿಯುವ ದಾರಿಯಲ್ಲಿ ಕಟ್ಟಿ.

ಆಮೇಲೆ 1915ಕ್ಕೆ ಫೋನು ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡಿ, ಅಲ್ಲಿ ಕನ್ನಡಕ್ಕೆ ಜಾಗ ಇದೆ. ಬಳಸದಿದ್ದರೆ ಅದೂ ಹೋಗುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹಳೆಯ 1986ರ ಕಾಯ್ದೆಯಲ್ಲಿ ಶೋರೂಮು ಇರುವ ಊರಿಗೋ ವ್ಯವಹಾರ ನಡೆದ ಊರಿಗೋ ಅಲೆಯಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಶೋರೂಮು ಮೈಸೂರಲ್ಲಿರಲಿ, ಬೆಂಗಳೂರಲ್ಲಿರಲಿ, ನಾಗಮಂಗಲದವನು ಮಂಡ್ಯಕ್ಕೆ ಹೋದರೆ ಸಾಕು. ಕಂಪನಿಯವರೇ ಅಲ್ಲಿಗೆ ಬರಬೇಕು! ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೇನೂ ಇಲ್ಲ. ಟ್ಯಾಕ್ಸಿ ಎಂದರೆ ವ್ಯಾಪಾರ, ನೀವು ಗ್ರಾಹಕರೇ ಅಲ್ಲ ಎಂದು ಎದುರಾಳಿ ವಕೀಲರು ಹೆದರಿಸಬಹುದು. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಗಾಡಿ ಓಡಿಸುವವನು ಗ್ರಾಹಕನೇ ಎಂದು ಕಾಯ್ದೆಯಲ್ಲೇ ವಿವರಣೆ ಇದೆ. ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಪಿಗೆ ಪ್ರಯತ್ನಿಸಬೇಕು ಎಂದೂ ಬರೆದಿದೆ. ಅಷ್ಟರಲ್ಲೇ ಆಗುತ್ತದೆ ಎಂದು ನಾವು ಮಾತು ಕೊಡಲಾರೆವು, ನಮ್ಮ ದೇಶದ ವಾಯಿದೆಗಳ ಪರಿ ನಿಮಗೂ ಗೊತ್ತು.

ಬೆಂಗಳೂರು, ಮೈಸೂರುಗಳಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ನಮ್ಮ ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರೇ, ಆ ಜಾಬ್ ಕಾರ್ಡನ್ನು ಕನ್ನಡಕ್ಕೆ ತರುವ ಕೆಲಸ ಒಂದು ಮಧ್ಯಾಹ್ನದ್ದು. ಒಂದು ಪುಟದ ಮಾದರಿ ಮಾಡಿ, ಊರಿನ ಗ್ಯಾರೇಜುಗಳಿಗೆ ಕೊಡಿ. ಅವರು ಮೊದಲು ಬಳಸಲಿ. ಅದೇ ಕಾಗದ ಹಿಡಿದು ಶೋರೂಮಿನ ಮ್ಯಾನೇಜರ್ ಮುಂದೆ ಹೋಗಿ ನಿಲ್ಲೋಣ.

ಅಂದಹಾಗೆ, ಅಪ್ಪನ ಬಿಲ್ಲು ಕೈಯಲ್ಲೇ ಇದೆಯಲ್ಲ? ಮೇಲುಗಡೆ ಬಲಕ್ಕೆ ತಾರೀಖು ನೋಡಿ. ದೂರು ಹಾಕಲು ಎರಡು ವರ್ಷದ ಗಡುವಿದೆ.