ಚಳ್ಳಕೆರೆಯ ಕಾವಲೂ ವಿಜ್ಞಾನದ ಋಣವೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯು ಮಳೆ ಕಡಮೆಯಾದ ಸೀಮೆಯ ಒಂದು ಚಿಕ್ಕ ಪಟ್ಟಣ. ಶೇಂಗಾ ಎಣ್ಣೆಯ ಗಿರಣಿಗಳಿಗೂ ಕುರಿಯುಣ್ಣೆಯ ಕಂಬಳಿಗಳಿಗೂ ಹೆಸರಾದ ಈ ಊರಿಗೆ ಈಗ ‘ವಿಜ್ಞಾನನಗರಿ’ಯೆಂಬ ಹೊಸ ಬಿರುದು ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನ ಕೇಂದ್ರ, ಇಸ್ರೋ ಈ ನಾಲ್ಕೂ ಇದರ ನೆರೆಯಲ್ಲಿ ನೆಲವನ್ನು ಪಡೆದಿವೆ. ಇಂತಹ ಯೋಗವು ದೇಶದಲ್ಲಿ ಎಷ್ಟು ತಾಲ್ಲೂಕುಗಳಿಗೆ ಒದಗಿದೆ?

ಇದನ್ನು ಕಂಡು ಹೆಮ್ಮೆಪಡದ ದೇಶಾಭಿಮಾನಿ ಇರಲಾರನು. 2017ರಲ್ಲಿ ಇಲ್ಲಿ ಪ್ರಾರಂಭವಾದ ವೈಮಾನಿಕ ಪರೀಕ್ಷಾಕ್ಷೇತ್ರದಲ್ಲಿ ಚಾಲಕನಿಲ್ಲದೆ ಹಾರುವ ವಿಮಾನಗಳನ್ನು ಪರೀಕ್ಷಿಸುತ್ತಾರೆ. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯುಳ್ಳ ಉಡಾವಣಾ ವಾಹನದ ಮಾದರಿಯೊಂದನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರು ಎತ್ತರದಲ್ಲಿ ಕಳಚಿಬಿಟ್ಟರು; ಅದು ತನ್ನ ದಾರಿಯನ್ನು ತಾನೇ ಅರಸಿಕೊಂಡು ಬಂದು ಓಡುದಾರಿಯ ಮೇಲೆ ಇಳಿಯಿತು. 2024ರ ಮಾರ್ಚಿಯಲ್ಲಿಯೂ ಜೂನಿನಲ್ಲಿಯೂ ಇನ್ನೂ ಕಠಿನವಾದ ಪರೀಕ್ಷೆಗಳು ಇಲ್ಲಿಯೇ ಜಯಪ್ರದವಾದುವು. ಖುದಾಪುರದ ಆವರಣದಲ್ಲಿ ವಿಜ್ಞಾನ ಸಂಸ್ಥೆಯವರು ಶಾಲಾ ಕಾಲೇಜುಗಳ ಉಪಾಧ್ಯಾಯರಿಗೆ ತರಬೇತಿಯನ್ನು ಕೊಡುತ್ತಿರುವುದೂ ಪ್ರಶಂಸಾರ್ಹವೇ ಸರಿ. ಇಂತಹ ಕಾರ್ಯಗಳಿಗೆ ವಿಶಾಲವಾದ ಬಯಲೂ ತೆರವಾದ ಆಕಾಶವೂ ಬೇಕು. ಚಳ್ಳಕೆರೆಯು ಎರಡನ್ನೂ ಕೊಟ್ಟಿತು.

ಆದರೆ ಆ ಬಯಲು ಯಾರದಾಗಿತ್ತು? ಇದೇ ನಮ್ಮ ಪ್ರಶ್ನೆ. ಅದು ಅಮೃತಮಹಲ್ ಕಾವಲು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲಿನ ಹೆಸರನ್ನು ತಾಳಿದುವು. ಹೈದರನ ಸೈನ್ಯದ ಫಿರಂಗಿಗಳನ್ನು ಎಳೆದ ಎತ್ತುಗಳು ಆ ತಳಿಯವು. ರಾಜ್ಯಗಳು ಉರುಳಿದರೂ ಕಾವಲು ಉಳಿಯಿತು. ಸುತ್ತಣ ಹಳ್ಳಿಗಳ ದನಗಳೂ ಕುರಿಗಳೂ ಅಲ್ಲಿ ಮೇದುವು. ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ, ಕಂಬಳಿಯಿಂದ ಒಂದು ಸಂಸಾರದ ಅನ್ನ. ಸೌದೆಯೂ ಗಿಡಮೂಲಿಕೆಯೂ ಅಲ್ಲಿಯದೇ. ಕೃಷ್ಣಮೃಗಗಳಿಗೂ ಅದೇ ನೆಲೆ.

2007ರ ತರುವಾಯದ ಕೆಲವೇ ವರ್ಷಗಳಲ್ಲಿ ಈ ಕಾವಲಿನ ಸುಮಾರು 10,000 ಎಕರೆ ಕೈಬದಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯೊಂದಕ್ಕೇ 4,000 ಎಕರೆಗೆ ಮಿಕ್ಕಿ ಸಂದಿತು; ವಿಜ್ಞಾನ ಸಂಸ್ಥೆಗೆ 1,500 ಎಕರೆ. ಅದೇ ವಿಜ್ಞಾನ ಸಂಸ್ಥೆಯು ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಔದಾರ್ಯದಿಂದ ಪಡೆದ ಸುಮಾರು 370 ಎಕರೆಯಲ್ಲಿ 1909ರಿಂದ ಬೆಳೆದು ಜಗತ್ತಿನಲ್ಲಿ ಕೀರ್ತಿಯನ್ನು ಗಳಿಸಿತೆಂಬುದನ್ನು ವಾಚಕರು ನೆನೆಯಬೇಕು. ಅನೇಕ ಹಳ್ಳಿಗರಿಗೆ ತಮ್ಮ ಕಾವಲು ಕೈಬಿಟ್ಟಿತೆಂಬುದು ಗೋಡೆ ಏಳತೊಡಗಿದ ಮೇಲೆಯೇ ತಿಳಿದುಬಂದಿತು. ಕೇಳದೆ ಕೊಟ್ಟದ್ದು ದಾನವೂ ಅಲ್ಲ, ಹೇಳದೆ ತೆಗೆದುಕೊಂಡದ್ದು ಧರ್ಮವೂ ಅಲ್ಲ.

ವ್ಯಾಜ್ಯವು ಹಸಿರು ನ್ಯಾಯಮಂಡಲಿಯ ಚೆನ್ನೈ ಪೀಠಕ್ಕೆ ಹೋಯಿತು. 2014ರ ಆಗಸ್ಟಿನ ತೀರ್ಪು ಯೋಜನೆಗಳನ್ನು ರದ್ದುಪಡಿಸಲಿಲ್ಲ. ಕಟ್ಟಡಗಳು ಎದ್ದಿವೆ, ವಿಮಾನಗಳು ಹಾರುತ್ತಿವೆ. ಅವನ್ನು ಕಿತ್ತೊಗೆಯಿರೆಂದು ನಾವು ಹೇಳುವುದಿಲ್ಲ. ದೇಶರಕ್ಷಣೆಗೆ ಗೋಪ್ಯತೆ ಅವಶ್ಯವೆಂಬುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಗೋಪ್ಯವಾಗಿರಬೇಕಾದುದು ಯಂತ್ರದ ಮರ್ಮವೇ ಹೊರತು ಹಳ್ಳಿಯ ನೆಲದ ಲೆಕ್ಕವಲ್ಲ.

ಈ ಅನರ್ಥದ ಮೂಲವು ‘ಪಾಳು’ ಎಂಬ ಒಂದು ಶಬ್ದದಲ್ಲಿದೆಯೆಂದು ನಮಗೆ ತೋರುತ್ತದೆ. ಉಳದ ನೆಲವೆಲ್ಲ ಪಾಳು, ಕಂದಾಯ ತಾರದ ನೆಲವೆಲ್ಲ ವ್ಯರ್ಥ ಎಂಬ ಎಣಿಕೆಯನ್ನು ಪರಕೀಯರ ಆಳಿಕೆಯು ನಮ್ಮ ಕಚೇರಿಗಳಿಗೆ ಕಲಿಸಿ ಹೋಯಿತು. ಸ್ವರಾಜ್ಯವು ಬಂದರೂ ಆ ಪಾಠವನ್ನು ನಾವು ಮರೆತಿಲ್ಲ. ಕುರಿಯವನ ಕಣ್ಣಿಗೆ ಬದುಕಾಗಿರುವುದು ಗುಮಾಸ್ತನ ಕಡತದಲ್ಲಿ ಬಯಲಾಗಿರುವುದು ಎಷ್ಟರ ನ್ಯಾಯ?

ಆದುದರಿಂದ ಸರ್ಕಾರದವರೂ ಈ ಸಂಸ್ಥೆಗಳವರೂ ಮಾಡಬೇಕಾದುದು ಸ್ಪಷ್ಟವಾಗಿದೆ. ಮೊದಲನೆಯದಾಗಿ, ಗೋಡೆಯೊಳಗೆ ಕಟ್ಟಡಕ್ಕೂ ಪರೀಕ್ಷೆಗೂ ಬೇಕಾಗದ ಹುಲ್ಲು ಎಷ್ಟಿದೆಯೆಂಬುದನ್ನು ಅಳೆದು, ಅಪಾಯವಿಲ್ಲದ ಕಡೆಗಳಲ್ಲಿ ಗೊತ್ತಾದ ಕಾಲಗಳಲ್ಲಿ ದನಕುರಿಗಳಿಗೆ ಬಾಗಿಲನ್ನು ತೆರೆಯಲಿ. ಎರಡನೆಯದಾಗಿ, ಉಳಿದ ಕಾವಲಿನ ಒಂದು ಎಕರೆಯೂ ಗ್ರಾಮಸಭೆಯ ಎದುರಿಗೆ ವಿಷಯವನ್ನಿಡದೆ ಕೈಬದಲಾಗಕೂಡದು. ಮೂರನೆಯದಾಗಿ, ಅಣುವಿಜ್ಞಾನದ ಕೆಲಸ ನಡೆಯುವೆಡೆ ಬಾವಿಯ ನೀರಿನ ಪರೀಕ್ಷೆಯ ಫಲಿತಾಂಶವನ್ನು ಕಾಲಕಾಲಕ್ಕೆ ಕನ್ನಡದಲ್ಲಿ ಪ್ರಕಟಿಸಲಿ. ಕೊನೆಯದಾಗಿ, ಕಾವಲನ್ನು ಕಳೆದುಕೊಂಡ ಹಳ್ಳಿಗಳ ಮಕ್ಕಳು ಆ ಬಾಗಿಲಲ್ಲಿ ಪಹರೆಯವರಾಗಿ ಮಾತ್ರವಲ್ಲ, ವಿದ್ಯಾರ್ಥಿಗಳಾಗಿಯೂ ನಿಲ್ಲುವಂತೆ ಏರ್ಪಾಡಾಗಲಿ.

ಆಕಾಶದಿಂದ ಬಿಟ್ಟ ವಾಹನವನ್ನು ಗೆರೆ ತಪ್ಪದಂತೆ ನೆಲಕ್ಕಿಳಿಸುವ ಜಾಣ್ಮೆ ನಮ್ಮವರಲ್ಲಿದೆ. ಆ ನೆಲದ ಮೇಲೆ ಕುರಿ ಮೇಯಿಸುತ್ತಿದ್ದವನ ಋಣವನ್ನು ತೀರಿಸುವುದು ಅದಕ್ಕಿಂತ ಕಷ್ಟವೆಂದು ಹೇಳಿದರೆ ನಾವು ನಂಬಲಾರೆವು. ಅದಕ್ಕೆ ಬೇಕಾದುದು ಯಂತ್ರವಲ್ಲ, ಮನಸ್ಸು.